ಆಟಕ್ಕೂ ಜಪಕ್ಕೂ ಒಂದೇ ಅಂಗಳ

ಮಂಗಳೂರು, ಉಡುಪಿ ಸೀಮೆಯ ಕ್ಯಾಥೊಲಿಕ್ ಕುಟುಂಬಗಳಲ್ಲಿ ಮಕ್ಕಳನ್ನು ಬೆಳೆಸುವ ಕೆಲಸ ಬಹುಪಾಲು ಸಂಜೆಯ ಜಪಸರದ ಸುತ್ತ ನಡೆದುಕೊಂಡು ಬಂದಿದೆ. ಇಗರ್ಜಿಯಲ್ಲಿ ಆಮೊರಿಯ, ಅಂದರೆ ಮುಸ್ಸಂಜೆಯ ಪ್ರಾರ್ಥನೆಯ, ಗಂಟೆ ಬಾರಿಸುವ ಹೊತ್ತಿಗೆ ಆಟಕ್ಕೆ ಹೋದ ಮಕ್ಕಳು ಮನೆ ಸೇರಿ, ಕೈಕಾಲು ತೊಳೆದು, ದೇವರ ಪೀಠದ ಮುಂದೆ ಕೂರಬೇಕೆಂಬುದು ಹಳೆಯ ಕಟ್ಟಳೆ. ಕೊಂಕಣಿಯಲ್ಲಿ ತೇರ್ಸ್ ಎಂದು ಕರೆಯುವ ಈ ಪ್ರಾರ್ಥನೆಯಲ್ಲಿ ಐದು ರಹಸ್ಯಗಳ ಧ್ಯಾನವಿದೆ. ಒಂದೊಂದು ರಹಸ್ಯಕ್ಕೂ ಮರಿಯಮ್ಮನ ಜಪ ಹತ್ತು ಬಾರಿ. ಒಬ್ಬರು ಅರ್ಧ ಹೇಳಿದರೆ ಉಳಿದವರು ಮಿಕ್ಕ ಅರ್ಧವನ್ನು ಸೇರಿಸುತ್ತಾರೆ. ಮೊದಲ ರಹಸ್ಯ ಅಜ್ಜಿಯದಾದರೆ ಎರಡನೆಯದು ಅಪ್ಪನದು, ಕೊನೆಯದು ಇನ್ನೂ ಸರಿಯಾಗಿ ಮಾತು ತಿರುಗದ ಕಿರಿಯ ಮಗುವಿನದು. ಮಗು ಎಣಿಕೆ ತಪ್ಪಿದರೆ ಅಕ್ಕ ಮಣಿ ಮುಟ್ಟಿ ತೋರಿಸುತ್ತಾಳೆ. ಮನೆಯ ಎಲ್ಲರೂ ಒಂದು ಮಗುವಿನ ದನಿಗೆ ದನಿಗೂಡಿಸಿ ಉತ್ತರ ಕೊಡುವ ಇಂಥ ಸಂದರ್ಭ ದಿನದಲ್ಲಿ ಇನ್ನೊಂದಿಲ್ಲ.

ಜಪ ಮುಗಿದ ಮೇಲೆ ಬೆಸಾಂವ್. ಮಕ್ಕಳು ಕೈ ಜೋಡಿಸಿಕೊಂಡು ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಂಬ ಕ್ರಮದಲ್ಲಿ ಪ್ರತಿಯೊಬ್ಬರ ಮುಂದೆ ನಿಂತು ಆಶೀರ್ವಾದ ಕೇಳುತ್ತಾರೆ. ಹಿರಿಯರು ದೇವರು ಒಳ್ಳೆಯದು ಮಾಡಲಿ ಎಂದು ಹರಸುತ್ತಾರೆ. ಮಧ್ಯಾಹ್ನ ಬೈಸಿಕೊಂಡ ಮಗನೂ ಬೈದ ಅಮ್ಮನೂ ಆ ಹೊತ್ತಿಗೆ ಎದುರುಬದುರು ನಿಲ್ಲಲೇಬೇಕು. ಮುನಿಸನ್ನು ಮಲಗುವ ತನಕ ಎಳೆದುಕೊಂಡು ಹೋಗಲು ಈ ಪದ್ಧತಿ ಬಿಡುವುದಿಲ್ಲ. ಮಕ್ಕಳ ಪಾಲನೆಯ ಬಗ್ಗೆ ಎಷ್ಟೋ ಪುಸ್ತಕಗಳು ಬಂದಿವೆ; ಬೆಸಾಂವ್‌ನಷ್ಟು ಸರಳವಾದ, ಖರ್ಚಿಲ್ಲದ, ತಲೆಮಾರುಗಳ ಕಾಲ ಪರೀಕ್ಷೆಗೆ ಒಡ್ಡಿಕೊಂಡ ಉಪಾಯ ಅವುಗಳಲ್ಲಿ ಸಿಗುವುದು ಕಷ್ಟ.

ಕುಟುಂಬ ಜಪಸರವನ್ನು 20ನೇ ಶತಮಾನದಲ್ಲಿ ಜಗತ್ತಿನ ತುಂಬ ಸಾರಿದವರು ಐರ್ಲೆಂಡ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಗುರುದೀಕ್ಷೆ ಪಡೆದ ಪ್ಯಾಟ್ರಿಕ್ ಪೇಟನ್. ಅವರ ಆಂದೋಲನ ಶುರುವಾದದ್ದು 1942ರಲ್ಲಿ. ಕರಾವಳಿಯ ಮನೆಗಳಿಗೆ ಆ ಪಾಠ ಹೊಸದೇನೂ ಆಗಿರಲಿಲ್ಲ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕೆನರಾ ಕ್ರೈಸ್ತರಿಗೆ ಇಗರ್ಜಿಗಳಿರಲಿಲ್ಲ. ಅಲ್ಲಿ ನಂಬಿಕೆ ಉಳಿದದ್ದು ಕುಟುಂಬಗಳ ಬಾಯಲ್ಲಿ. ಪ್ರೊಟೆಸ್ಟೆಂಟ್ ಮನೆಗಳ ದಾರಿ ಸ್ವಲ್ಪ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಮನೆಯ ಆರಾಧನೆ ಎಂದರೆ ಕನ್ನಡ ಬೈಬಲ್ಲಿನ ಒಂದು ಅಧ್ಯಾಯ, ಒಂದು ಕನ್ನಡ ಕೀರ್ತನೆ, ಮನೆಯ ಯಜಮಾನನ ಅಥವಾ ಯಜಮಾನಿಯ ಪ್ರಾರ್ಥನೆ. ಕ್ಯಾಥೊಲಿಕ್ ಮಗು ಕೊಂಕಣಿಯನ್ನು ಜಪದಲ್ಲೂ ಕನ್ನಡ ಲಿಪಿಯಲ್ಲಿ ಅಚ್ಚಾಗುವ ಕೊಂಕಣಿ ಪುಸ್ತಕಗಳಲ್ಲೂ ಕಲಿತರೆ, ಬಾಸೆಲ್ ಪರಂಪರೆಯ ಮಗು ಕನ್ನಡದ ಒಳ್ಳೆಯ ಗದ್ಯವನ್ನು ಬೈಬಲ್ ಓದಿನಲ್ಲಿ ಕಲಿಯಿತು. 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆ ಇಂದಿಗೂ ಮನೆಗಳಿಗೆ ಬರುವುದು ಕನ್ನಡ ಅಕ್ಷರದ ಕೊಂಕಣಿಯಲ್ಲೇ. ಭಾಷೆ, ಭಕ್ತಿ, ಮನೆತನ ಮೂರೂ ಒಟ್ಟೊಟ್ಟಿಗೆ ಮಕ್ಕಳಿಗೆ ದಾಟಿದ್ದು ಹೀಗೆ.

ಈ ಕ್ರಮಕ್ಕೆ ಈಗ ಎದುರಾಗಿರುವ ತೊಡಕು ಹೊತ್ತಿನದು. ಶಾಲೆ ಬಿಡುವುದು ನಾಲ್ಕಕ್ಕೆ, ಟ್ಯೂಷನ್ ಆರಕ್ಕೆ, ಅಪ್ಪ ಅಮ್ಮ ಕೆಲಸದಿಂದ ಬರುವುದು ಏಳು ಎಂಟಕ್ಕೆ. ನಡುವೆ ಸಿಗುವ ಒಂದೂವರೆ ಗಂಟೆಯನ್ನು ಆಟ ಕೇಳುತ್ತದೆ, ಮನೆಪಾಠ ಕೇಳುತ್ತದೆ, ಮೊಬೈಲ್ ಕೇಳದೆಯೇ ಕಿತ್ತುಕೊಳ್ಳುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಜಪಸರಕ್ಕೆ ಬೇಕಾಗುವುದು ಹೆಚ್ಚೆಂದರೆ 20 ನಿಮಿಷ. ಎರಡನ್ನೂ ಸೇರಿಸಿದರೆ ಒಂದು ಗಂಟೆ 20 ನಿಮಿಷ. ಇದು ದೊಡ್ಡ ಬೇಡಿಕೆಯಲ್ಲ. ಆದರೂ ಬಹಳ ಮನೆಗಳಲ್ಲಿ ಒಂದನ್ನು ಉಳಿಸಲು ಇನ್ನೊಂದನ್ನು ಕೈಬಿಡುತ್ತಾರೆ. ಭಕ್ತಿಯುಳ್ಳ ಮನೆ ಆಟವನ್ನೂ, ಆಟದ ಹುಚ್ಚಿರುವ ಮನೆ ಜಪವನ್ನೂ ಬಲಿ ಕೊಡುತ್ತದೆ. ಇವೆರಡೂ ಎದುರಾಳಿಗಳೆಂಬ ಈ ಎಣಿಕೆ ಕ್ರೈಸ್ತ ಇತಿಹಾಸಕ್ಕೆ ಹೊಂದುವುದಿಲ್ಲ.

ಪ್ರಾರ್ಥನಾ ಕೋಣೆಯಿಂದ ಹೊರಟ ಆಟಗಳು

ದೇಹದ ಬಗ್ಗೆ ಕ್ರೈಸ್ತ ಚಿಂತನೆಯ ಮೊದಲ ದೊಡ್ಡ ಮಾತುಗಳು ಸಂತ ಪೌಲನವು. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಆತ ದೇಹವನ್ನು ಪವಿತ್ರಾತ್ಮದ ಆಲಯವೆಂದು ಕರೆಯುತ್ತಾನೆ. ಅದೇ ಪತ್ರದಲ್ಲಿ ಓಟಗಾರನ ಮತ್ತು ಮುಷ್ಟಿಕಾಳಗದವನ ಶಿಸ್ತನ್ನು ಭಕ್ತನಿಗೆ ಮಾದರಿಯಾಗಿ ಇಡುತ್ತಾನೆ. ಆ ಹೋಲಿಕೆ ಓದುಗರಿಗೆ ತಟ್ಟನೆ ತಿಳಿದಿರಬೇಕು, ಏಕೆಂದರೆ ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನನ್ನು ಓದಿ ಬೆಳೆದ ಕನ್ನಡದ ಮಗುವಿಗೆ ಪೌಲನ ಈ ಮಾತು ಪರದೇಶಿ ಅನಿಸಬೇಕಾಗಿಲ್ಲ. ಇಬ್ಬರ ಮತವೂ ಕಾಲವೂ ಬೇರೆ. ಮೈಯನ್ನು ಹೀಗಳೆಯಬಾರದೆಂಬಲ್ಲಿ ಮಾತ್ರ ಇಬ್ಬರ ನಡುವೆ ದೂರವಿಲ್ಲ.

ಮುಂದಿನ ಶತಮಾನಗಳಲ್ಲಿ ಈ ಗೌರವ ಒಂದೇ ಸಮನಾಗಿ ಉಳಿಯಲಿಲ್ಲ. ದೇಹವನ್ನು ದಂಡಿಸುವುದೇ ಭಕ್ತಿ ಎಂದು ನಂಬಿದ ತಪಸ್ವಿಗಳಿದ್ದರು. ಆಟವನ್ನು ಸೋಮಾರಿಗಳ ಕೆಲಸವೆಂದ ಪ್ಯೂರಿಟನ್ನರಿದ್ದರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಗಾಳಿ ತಿರುಗಿತು. ಚಾರ್ಲ್ಸ್ ಕಿಂಗ್ಸ್‌ಲಿ, ಥಾಮಸ್ ಹ್ಯೂಸ್ ಮೊದಲಾದವರು ಗಟ್ಟಿಮುಟ್ಟಾದ ಮೈ, ನೇರ ನಡತೆ, ದುರ್ಬಲರ ರಕ್ಷಣೆ ಇವೆಲ್ಲ ಒಂದೇ ಗುಣದ ಮುಖಗಳೆಂದು ಬರೆದರು. 1857ರಲ್ಲಿ ಬಂದ ಹ್ಯೂಸ್‌ನ ಶಾಲಾ ಕಾದಂಬರಿ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಆ ವಿಚಾರವನ್ನು ಮನೆಮನೆಗೆ ಮುಟ್ಟಿಸಿತು. ಈ ಚಳವಳಿಯ ಕುಂದುಗಳನ್ನು ಮುಚ್ಚಿಡುವುದು ಸಲ್ಲದು: ಅದು ಸಾಮ್ರಾಜ್ಯದ ಅಹಂಕಾರಕ್ಕೆ ಹೆಗಲು ಕೊಟ್ಟಿತು, ಹೆಣ್ಣುಮಕ್ಕಳನ್ನು ಮೈದಾನದ ಹೊರಗೇ ನಿಲ್ಲಿಸಿತು, ಬಲವನ್ನೇ ಸದ್ಗುಣವೆಂದು ಕೆಲವೊಮ್ಮೆ ತಪ್ಪಾಗಿ ತಿಳಿಯಿತು. ಆದರೆ ಶಾಲೆಗೊಂದು ಮೈದಾನ ಬೇಕೆಂಬ ಮಾತು ಜಗತ್ತಿನಲ್ಲಿ ಬೇರೂರಿದ್ದರಲ್ಲಿ ಅದರ ಪಾಲು ದೊಡ್ಡದು.

ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ಹುಟ್ಟಿದ್ದು 1844ರ ಜೂನ್ 6ರಂದು, ಲಂಡನ್ನಿನ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ. ಅಲ್ಲೇ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಮತ್ತು ಗೆಳೆಯರು ಸೇರಿದ್ದು ಬೈಬಲ್ ಓದಿಗೆ, ಪ್ರಾರ್ಥನೆಗೆ. ಹಗಲಿಡೀ ದುಡಿದು ಇಕ್ಕಟ್ಟಿನ ಕೋಣೆಗಳಲ್ಲಿ ಮಲಗುತ್ತಿದ್ದ ಹಳ್ಳಿ ಹುಡುಗರಿಗೆ ಮಹಾನಗರದಲ್ಲಿ ಹೋಗಲು ಸಭ್ಯವಾದ ಒಂದು ಜಾಗ ಬೇಕಿತ್ತು. ಆ ಸಂಘ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿದ ಮೇಲೆ ಪ್ರಾರ್ಥನಾ ಕೋಣೆಯ ಪಕ್ಕದಲ್ಲಿ ವ್ಯಾಯಾಮಶಾಲೆ ಬಂತು. ದೇಹ, ಮನಸ್ಸು, ಆತ್ಮ ಎಂಬ ಮೂರು ಬದಿಯ ಕೆಂಪು ತ್ರಿಕೋನವನ್ನು ಅದರ ಲಾಂಛನವಾಗಿಸಿದವರು ಲೂಥರ್ ಗ್ಯುಲಿಕ್.

ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ 1891ರ ಚಳಿಗಾಲಕ್ಕೆ ಒಂದು ತಲೆನೋವು ಎದುರಾಗಿತ್ತು. ಹಿಮ ಬಿದ್ದು ಹೊರಗಿನ ಆಟ ನಿಂತಿತ್ತು. ಒಳಾಂಗಣದ ಕವಾಯತು ಹುಡುಗರಿಗೆ ಬೇಸರ ತರಿಸಿತ್ತು. ಆ ತರಗತಿಯನ್ನು ಹಿಡಿತಕ್ಕೆ ತರಲಾಗದೆ ಇಬ್ಬರು ಶಿಕ್ಷಕರು ಕೈಚೆಲ್ಲಿದ್ದರು. ಗ್ಯುಲಿಕ್ ಆ ಹೊಣೆಯನ್ನು ಜೇಮ್ಸ್ ನೈಸ್ಮಿತ್‌ಗೆ ವಹಿಸಿದರು. ಕೆನಡಾದ ಆಲ್ಮಾಂಟ್ ಎಂಬಲ್ಲಿ 1861ರಲ್ಲಿ ಹುಟ್ಟಿದ ನೈಸ್ಮಿತ್ ಒಂಬತ್ತನೆಯ ವಯಸ್ಸಿಗೆ ತಂದೆತಾಯಿಯನ್ನು ಟೈಫಾಯ್ಡ್‌ಗೆ ಕಳೆದುಕೊಂಡವರು, ಸೋದರಮಾವನ ಆಸರೆಯಲ್ಲಿ ಬೆಳೆದವರು. ಓದಿದ್ದು ದೇವತಾಶಾಸ್ತ್ರ. ಯುವಕರನ್ನು ಒಳ್ಳೆಯ ದಾರಿಗೆ ತರಲು ಬೋಧನೆಯ ಪೀಠದಷ್ಟೇ ಮೈದಾನವೂ ನೆರವಾಗುತ್ತದೆ ಎಂಬ ನಂಬಿಕೆ ಅವರನ್ನು ಸ್ಪ್ರಿಂಗ್‌ಫೀಲ್ಡಿಗೆ ಕರೆತಂದಿತ್ತು. ಒಳಾಂಗಣಕ್ಕೆ ಹೊಂದುವ ಹೊಸ ಆಟವೊಂದನ್ನು ಅವರು ಯೋಚಿಸಿದರು. ಅದಕ್ಕೆಂದು ಶಾಲೆಯ ಆಳು ನೈಸ್ಮಿತ್‌ಗೆ ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ಅವನ್ನು ಮಹಡಿಯ ಅಂಚಿಗೆ ಹತ್ತು ಅಡಿ ಎತ್ತರದಲ್ಲಿ ಹೊಡೆದರು. ಕಡೆಗೆ ಒಂಬತ್ತರಂತೆ 18 ಹುಡುಗರು, ಒಂದು ಫುಟ್‌ಬಾಲು, 13 ನಿಯಮಗಳ ಒಂದು ಹಾಳೆ. ಚೆಂಡು ಹಿಡಿದು ಓಡುವಂತಿಲ್ಲ. ಎದುರಾಳಿಯನ್ನು ತಳ್ಳುವಂತಿಲ್ಲ, ಹಿಡಿಯುವಂತಿಲ್ಲ, ಕಾಲು ಕೊಟ್ಟು ಬೀಳಿಸುವಂತಿಲ್ಲ. ಮೊದಲ ಆಟದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಚೆಂಡು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ.

ಆ ನಿಯಮಗಳಲ್ಲಿ ಒಬ್ಬ ಒಳ್ಳೆಯ ಶಿಕ್ಷಕನ ಮನಸ್ಸು ಕಾಣುತ್ತದೆ. ಮೈಗೆ ಮೈ ಗುದ್ದುವ ಆಟದಲ್ಲಿ ದೊಡ್ಡ ಮೈಯವನೇ ಗೆಲ್ಲುತ್ತಾನೆ. ಗುರಿಯನ್ನು ತಲೆಯ ಮೇಲಕ್ಕೆ ಏರಿಸಿದರೆ ಬಲಕ್ಕಿಂತ ಕೈಚಳಕಕ್ಕೆ ಬೆಲೆ ಬರುತ್ತದೆ. ಓಟ ನಿಷೇಧಿಸಿದರೆ ಚೆಂಡನ್ನು ಜೊತೆಗಾರನಿಗೆ ಕೊಡಲೇಬೇಕಾಗುತ್ತದೆ. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಯುವ ಶಿಕ್ಷಕಿ ಪಕ್ಕದ ಊರಿನ ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದರು. ಅವರು ಯಹೂದಿ ಮನೆತನದವರು. ಒಳ್ಳೆಯ ಆಟಕ್ಕೆ ಮತದ ಗಡಿ ಉಳಿಯಲಿಲ್ಲ. 1895ರಲ್ಲಿ ಹೋಲ್ಯೋಕ್ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ರೂಪಿಸಿದರು. ನೈಸ್ಮಿತ್ ಮುಂದೆ ಪ್ರೆಸ್ಬಿಟೇರಿಯನ್ ಪಾದ್ರಿಯಾಗಿಯೂ ದೀಕ್ಷೆ ಪಡೆದರು, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟ ಸೇರ್ಪಡೆಯಾದದ್ದನ್ನು ಕಣ್ಣಾರೆ ಕಂಡರು.

ಸ್ಪ್ರಿಂಗ್‌ಫೀಲ್ಡಿನ ಎಳೆ ದಕ್ಷಿಣ ಭಾರತಕ್ಕೆ ನೇರವಾಗಿ ಬಂದು ತಲುಪುತ್ತದೆ. ಅಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎಯ ದೈಹಿಕ ಶಿಕ್ಷಣ ಶಾಲೆ ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ವ್ಯವಸ್ಥಾಪಕರೂ ಅವರೇ. ಶಾಲೆಯ ಪಿ.ಟಿ. ಮೇಷ್ಟ್ರು ಎಂಬ ವೃತ್ತಿ ನಮ್ಮ ಕಡೆ ರೂಪುಗೊಂಡದ್ದರಲ್ಲಿ ಆ ಸಂಸ್ಥೆಯ ಕೈ ಇದೆ. ಬೆಂಗಳೂರಿನ ಸಂತ ಜೋಸೆಫರ ಶಾಲೆ, ಬಿಷಪ್ ಕಾಟನ್, 1880ರಲ್ಲಿ ಶುರುವಾದ ಮಂಗಳೂರಿನ ಸಂತ ಅಲೋಶಿಯಸ್ ಮೊದಲಾದ ಮಿಷನ್ ಸಂಸ್ಥೆಗಳು ಬಿಟ್ಟುಹೋದ ಆಸ್ತಿಯಲ್ಲಿ ಕಟ್ಟಡಗಳಷ್ಟೇ ಮುಖ್ಯವಾದವು ಅವುಗಳ ಮೈದಾನಗಳು. ಕರಾವಳಿಯ ಧರ್ಮಕೇಂದ್ರಗಳಲ್ಲಿ ಯುವಕ ಸಂಘದವರು ಭಾನುವಾರ ಮಧ್ಯಾಹ್ನ ನಡೆಸುವ ವಾಲಿಬಾಲ್, ಥ್ರೋಬಾಲ್, ಹಗ್ಗಜಗ್ಗಾಟದ ಪಂದ್ಯಗಳೂ ಇದೇ ಬಳ್ಳಿಯ ಕಾಯಿಗಳು.

ಹಬ್ಬದ ಎಲೆ, ಉಪವಾಸದ ಬಟ್ಟಲು

ಊಟದ ವಿಷಯದಲ್ಲಿ ಕ್ರೈಸ್ತ ಮನೆಗೆ ಶಿಸ್ತು ಕಲಿಸುವುದು ವರ್ಷದ ಪಂಚಾಂಗ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಬಹುದು. ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಒಂದಾದ ದಿನವದು. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಗುರು ಜೋಕಿಂ ಮಿರಾಂದ ಇದನ್ನು ಆರಂಭಿಸಿದರೆಂದು ಕರಾವಳಿಯ ಕ್ರೈಸ್ತ ಚರಿತ್ರೆ ಹೇಳುತ್ತದೆ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬೆಳಗ್ಗೆ ಎದ್ದು ಹಿತ್ತಿಲು, ಬೇಲಿ, ಗದ್ದೆಯ ಬದು ಸುತ್ತಿ ಹೂ ಕೊಯ್ದು ಇಗರ್ಜಿಗೆ ಒಯ್ಯುತ್ತಾರೆ. ಬಾಲ ಮರಿಯಮ್ಮನ ಮೂರ್ತಿಗೆ ಹೂ ಎರಚುವುದು ಅವರ ಹಕ್ಕು. ಹಬ್ಬದ ದಿನ ಹರಸಿದ ತೆನೆ ಮನೆಗೆ ಬರುತ್ತದೆ. ಹಿರಿಯರು ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಾರೆ. ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿ ಈಗಲೂ ಇದೆ. ಆ ದಿನ ಮೀನಿಲ್ಲ, ಮಾಂಸವಿಲ್ಲ; ಬಾಳೆಲೆಯ ಮೇಲೆ ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ತರಕಾರಿ ಪದಾರ್ಥಗಳು. ತುಳುವರ ಪುದ್ವಾರ್, ಕೊಡವರ ಪುತ್ತರಿಯ ಜೊತೆ ಈ ಹಬ್ಬ ಒಂದೇ ಮಣ್ಣಿನ ನಂಟಿನದು. ಅನ್ನ ಎಲ್ಲಿಂದ ಬರುತ್ತದೆಂದು ನಗರದ ಮಗುವಿಗೆ ಕೈಯಾರೆ ಮುಟ್ಟಿ ತಿಳಿಯಲು ವರ್ಷದಲ್ಲಿ ಇದೊಂದು ದಿನವಾದರೂ ಉಳಿದಿದೆ.

ಹಬ್ಬದ ಇನ್ನೊಂದು ಮಗ್ಗುಲು ಉಪವಾಸ. ಬೂದಿ ಬುಧವಾರದಿಂದ ಪಾಸ್ಖದವರೆಗಿನ ತಪಸ್ಸುಕಾಲದಲ್ಲಿ ಕ್ಯಾಥೊಲಿಕ್ ಸಭೆ ಕಡ್ಡಾಯ ಉಪವಾಸ ಹೇಳುವುದು ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಪೂರ್ತಿ ಊಟ, ಬೇಕಾದರೆ ಎರಡು ಸಣ್ಣ ಉಪಾಹಾರ. ಇದು 18ರಿಂದ 59 ವರ್ಷದವರಿಗೆ. ಮಾಂಸವರ್ಜನೆ 14 ದಾಟಿದವರಿಗೆ. ಕರಾವಳಿಯ ಮನೆಗಳಲ್ಲಿ ಶುಭ ಶುಕ್ರವಾರದ ಊಟವೆಂದರೆ ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿ. ವಯಸ್ಸಿನ ಈ ಗೆರೆಯನ್ನು ತಂದೆತಾಯಿ ಗಮನಿಸಬೇಕು. ಬೆಳೆಯುವ ಮಗುವನ್ನು ಹಸಿವಿಗೆ ಕೂರಿಸಬೇಕೆಂದು ಸಭೆ ಎಂದೂ ಕೇಳಿಲ್ಲ. ಮಗುವಿಗೆ ಹೊಂದುವ ತಪಸ್ಸು ಬೇರೆಯೇ ಇದೆ: ನಲ್ವತ್ತು ದಿನ ಚಾಕೊಲೇಟ್ ಬಿಟ್ಟು ಆ ದುಡ್ಡನ್ನು ಬಡವರ ಡಬ್ಬಿಗೆ ಹಾಕುವುದು, ರಾತ್ರಿ ಮೊಬೈಲನ್ನು ಅಪ್ಪನ ಕೈಗೆ ಕೊಡುವುದು.

ತೂಕ ಇಳಿಸುವ ಪಥ್ಯಕ್ಕೂ ಈ ಉಪವಾಸಕ್ಕೂ ಇರುವ ಅಂತರ ಹದಿಹರೆಯದವರ ಮನೆಯಲ್ಲಿ ಬಿಡಿಸಿ ಹೇಳಬೇಕಾದ ವಿಷಯ. ಪಥ್ಯದವರು ಕನ್ನಡಿಯನ್ನು ನೋಡಿಕೊಳ್ಳುತ್ತಾರೆ. ತಪಸ್ಸುಕಾಲದಲ್ಲಿ ಬಿಟ್ಟ ತುತ್ತು ಇನ್ನೊಬ್ಬರ ತಟ್ಟೆಗೆ ಹೋಗಬೇಕು. ಹಬ್ಬಕ್ಕೂ ಇದೇ ನ್ಯಾಯ. ಕ್ರಿಸ್ಮಸ್‌ಗೆ ಮಾಡುವ ಕುಸ್ವಾರ್‌ನಲ್ಲಿ ಕಿಡಿಯೊ, ನೆವ್ರಿಯೊ, ಗುಳಿಯೊ, ರೋಸ್ ಕುಕ್ಕಿ, ತುಕ್ಡಿ ಎಲ್ಲ ಎಣ್ಣೆ, ಸಕ್ಕರೆ, ತೆಂಗಿನದೇ ದರ್ಬಾರು. ಆದರೆ ಮನೆಯವರೆಲ್ಲ ಸುತ್ತ ಕೂತು ಹಿಟ್ಟು ಉರುಟಿಸಿ ಬಾಚಣಿಗೆಯ ಮೇಲೆ ಒತ್ತಿ ಕಿಡಿಯೊ ಮಾಡಿದ ಮೇಲೆ ಅದರಲ್ಲಿ ಬಹುಪಾಲು ತಟ್ಟೆ ತುಂಬಿ ಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುತ್ತದೆ. ಇಡೀ ವರ್ಷ ಕುಸ್ವಾರ್ ತಿನ್ನುವಂತೆ ಬೇಕರಿ ತಿಂಡಿ ತಿನ್ನುವುದು ಈಗಿನ ಅಪಾಯ. ಹಬ್ಬ ಇರುವುದು ಹಬ್ಬದ ದಿನಕ್ಕೆ.

ಮೈಯನ್ನು ಹರಸುವ ಸಂಸ್ಕೃತಿ

ದೇಹದ ಬಗ್ಗೆ ಮಾತಾಡುವಾಗ ಮಂಗಳೂರು ಕ್ಯಾಥೊಲಿಕರ ರೋಸ್ ಶಾಸ್ತ್ರವನ್ನು ಬಿಡುವಂತಿಲ್ಲ. ಮದುವೆಯ ಹಿಂದಿನ ಸಂಜೆ ವಧುವಿನ ಮನೆಯಲ್ಲಿ ವಧುವಿಗೂ ವರನ ಮನೆಯಲ್ಲಿ ವರನಿಗೂ ನಡೆಯುವ ವಿಧಿ ಇದು. ಮಣೆಯ ಮೇಲೆ ಕೂತವರ ತಲೆಗೆ, ಕೈಗೆ, ಕಾಲಿಗೆ ಎಣ್ಣೆ ಸವರಿ, ತೆಂಗಿನಕಾಯಿ ತುರಿದು ಹಿಂಡಿದ ರಸ ಎರೆಯುತ್ತಾರೆ. ಹೆತ್ತವರು, ಅಜ್ಜಿ, ಚಿಕ್ಕಮ್ಮ, ನೆರೆಮನೆಯವರು ಒಬ್ಬೊಬ್ಬರಾಗಿ ಬಂದು ಮುಟ್ಟಿ ಹರಸುತ್ತಾರೆ. ವಯಸ್ಸಾದ ಹೆಂಗಸರು ವೊವಿಯೊ ಎಂಬ ಹಾಡುಗಳನ್ನು ಹಾಡುತ್ತಾರೆ. ಆ ಸಂಜೆ ಯಾರೂ ಹುಡುಗಿಯ ಬಣ್ಣವನ್ನೋ ಸೊಂಟದ ಅಳತೆಯನ್ನೋ ನೋಡುವುದಿಲ್ಲ. ಸಾಕಿದ ಕೈಗಳೆಲ್ಲ ಬಂದು ಸಾಕಿದ ಮೈಯನ್ನು ಮುಟ್ಟಿ ಬೀಳ್ಕೊಡುತ್ತವೆ. ಇತ್ತೀಚೆಗೆ ಕೆಲವೆಡೆ ಈ ವಿಧಿಗೆ ಮೊಟ್ಟೆ ಎಸೆಯುವ, ಬಿಯರ್ ಸುರಿಯುವ ಗದ್ದಲ ಸೇರಿಕೊಂಡಿದೆ. ಹಿರಿಯರು ಅದನ್ನು ಆಕ್ಷೇಪಿಸುವುದು ಸರಿಯಾಗಿಯೇ ಇದೆ. ಹರಸಬೇಕಾದ ಮೈಯನ್ನು ಗೇಲಿಯ ವಸ್ತು ಮಾಡಿದರೆ ಶಾಸ್ತ್ರದ ಜೀವವೇ ಹೋಗುತ್ತದೆ.

ರೋಸ್‌ನಲ್ಲಿರುವ ಈ ಗೌರವ ದಿನದ ಮಾತಿಗೂ ಬರಬೇಕಾಗಿದೆ. ಮದುವೆ ಮನೆಗಳಲ್ಲಿ, ಇಗರ್ಜಿಯ ಅಂಗಳದಲ್ಲಿ ‘ಏನು ಇಷ್ಟು ದಪ್ಪಗಾಗಿದ್ದೀಯಾ’, ‘ಕಪ್ಪಾಗಿಬಿಟ್ಟೆಯಲ್ಲ’ ಎಂದು ಮಕ್ಕಳ ಎದುರೇ ಹೇಳುವ ಚಾಳಿ ಹೋಗಿಲ್ಲ. ಬಿಸಿಲಿಗೆ ಕಪ್ಪಾಗುತ್ತಾಳೆಂದು ಆಟ ಬಿಡಿಸಿದ ಹುಡುಗಿಯರು ಎಷ್ಟೋ ಮಂದಿ. ಹುಡುಗರ ಗೋಳು ಬೇರೆ ತರಹದ್ದು: ಫೋನಿನಲ್ಲಿ ಕಂಡ ತೋಳು, ಎದೆಯ ಅಳತೆಗೆ ತಮ್ಮನ್ನು ಹೋಲಿಸಿಕೊಂಡು ಹದಿನೈದಕ್ಕೇ ಪ್ರೋಟೀನ್ ಪುಡಿ ಹುಡುಕುತ್ತಾರೆ. ಪೌಲನ ಆಲಯದ ಮಾತನ್ನು ಧರ್ಮೋಪದೇಶದ ತರಗತಿಯಲ್ಲಿ ಕಂಠಪಾಠ ಮಾಡಿಸುವ ತಂದೆತಾಯಿ ತಮ್ಮ ಮಕ್ಕಳ ಮೈಯನ್ನು ಹೀಗೆ ಹಳಿಯುವವರನ್ನು ಅಲ್ಲೇ ತಡೆಯಬೇಕು. ಆಲಯವನ್ನು ಗುಡಿಸಿ ಸಾರಿಸಿ ಇಡುವುದು ವ್ಯಾಯಾಮ. ಅದನ್ನು ಪಕ್ಕದ ಆಲಯದೊಡನೆ ತೂಗುವುದು ಅಸೂಯೆ.

ಯೋಗಾಸನದ ಬಗ್ಗೆ ಕ್ರೈಸ್ತ ಮನೆಗಳಲ್ಲಿ ಒಮ್ಮತವಿಲ್ಲ. ಕೆಲವರು ಅದನ್ನು ಶಾಲೆಯ ದೈಹಿಕ ಶಿಕ್ಷಣದ ಭಾಗವಾಗಿ ಸಹಜವಾಗಿ ಒಪ್ಪಿದ್ದಾರೆ, ಕೆಲವರು ಮಂತ್ರಗಳಿರುವಲ್ಲಿ ಹಿಂಜರಿಯುತ್ತಾರೆ. ಕ್ರೈಸ್ತ ಧ್ಯಾನದ ಕುರಿತು 1989ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರ ಇತರ ಪರಂಪರೆಗಳ ಪದ್ಧತಿಗಳನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ, ವಿವೇಚನೆಯಿಂದ ಬಳಸಬೇಕೆಂದಿತು. ಬೆನ್ನು ನೆಟ್ಟಗಿಟ್ಟು ಉಸಿರಾಡುವುದನ್ನು ಕಲಿತ ಮಗು ಜಪಕ್ಕೂ ಚೆನ್ನಾಗಿ ಕೂರುತ್ತದೆ ಎಂಬುದು ಇದನ್ನು ಒಪ್ಪಿದ ಮನೆಗಳ ಅನುಭವ.

ಭಾನುವಾರದ ಪ್ರಶ್ನೆ

ಕ್ರೈಸ್ತ ತಂದೆತಾಯಿಗೆ ಇಂದು ಎದುರಾಗುವ ಅತ್ಯಂತ ಕಠಿಣ ಪ್ರಶ್ನೆ ಭಾನುವಾರದ್ದು. ಬೆಳಗ್ಗೆ ಬಲಿಪೂಜೆ, ಅದರ ಬೆನ್ನಿಗೆ ದೊತೊರ್ನ್ ಅಂದರೆ ಧರ್ಮೋಪದೇಶ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆರಾಧನೆ ಮತ್ತು ಸಂಡೇ ಸ್ಕೂಲ್. ಕ್ರಿಕೆಟ್ ಶಿಬಿರ, ಈಜು ತರಬೇತಿ, ಫುಟ್‌ಬಾಲ್ ಟೂರ್ನಿ, ಆಯ್ಕೆ ಪರೀಕ್ಷೆ ಎಲ್ಲವೂ ಬಂದು ಕೂರುವುದು ಅದೇ ಬೆಳಗಿನ ಮೇಲೆ. ಆಟದಲ್ಲಿ ನಿಜವಾದ ಪ್ರತಿಭೆಯಿರುವ ಮಗುವಿನ ಮನೆಯಲ್ಲಿ ಇದು ವಾರವಾರದ ಸಂಕಟ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಹೆಸರು ಎರಿಕ್ ಲಿಡೆಲ್. ಮಿಷನರಿ ದಂಪತಿಗೆ 1902ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಹುಟ್ಟಿದ ಸ್ಕಾಟಿಷ್ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಜುಲೈ 6ರ ಭಾನುವಾರಕ್ಕೆ ನಿಗದಿಯಾಗಿತ್ತು. ಅದು ಆತನ ಮೆಚ್ಚಿನ ಓಟ, ಆತ ಓಡಲಿಲ್ಲ. 400 ಮೀಟರಿನಲ್ಲಿ 47.6 ಸೆಕೆಂಡಿಗೆ ಓಡಿ ಚಿನ್ನ ಗೆದ್ದ, 200 ಮೀಟರಿನಲ್ಲಿ ಕಂಚು. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಲನಚಿತ್ರ ಈ ನಿರ್ಧಾರ ಕೊನೆಯ ಗಳಿಗೆಯಲ್ಲಿ ಆದಂತೆ ತೋರಿಸುತ್ತದೆ. ವಾಸ್ತವದಲ್ಲಿ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು. ಲಿಡೆಲ್ ಆಗಲೇ ಬೇಡವೆಂದು ಹೇಳಿ, ಬೇರೆ ದೂರದ ಓಟಕ್ಕೆ ಮೈಯನ್ನು ಅಣಿಗೊಳಿಸಿಕೊಂಡಿದ್ದ. ತಂದೆತಾಯಿಗೆ ಉಪಯೋಗಕ್ಕೆ ಬರುವ ಸಂಗತಿ ಇದು. ಮಗುವನ್ನು ತಂಡಕ್ಕೆ ಸೇರಿಸುವ ಮೊದಲೇ ತರಬೇತುದಾರರ ಜೊತೆ ಭಾನುವಾರದ ಮಾತನ್ನು ಸ್ಪಷ್ಟವಾಗಿ ಆಡಬೇಕು. ಪಂದ್ಯದ ಹಿಂದಿನ ರಾತ್ರಿ ಜಗಳವಾಡಿ ತೆಗೆದುಕೊಂಡ ನಿರ್ಧಾರದಿಂದ ಮಗುವಿಗೆ ಆಟದ ಮೇಲೂ ಬಲಿಪೂಜೆಯ ಮೇಲೂ ಸಿಟ್ಟೇ ಉಳಿಯುತ್ತದೆ.

ಲಿಡೆಲ್‌ನ ಬದುಕಿನ ಕೊನೆಯ ಭಾಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೆತ್ತವರು ಓದಬೇಕಾದದ್ದು ಅದನ್ನೇ. ಪದಕದ ಮರುವರ್ಷವೇ ಆತ ಚೀನಾಕ್ಕೆ ಹೋಗಿ ಶಿಕ್ಷಕನೂ ಮಿಷನರಿಯೂ ಆದ. 1941ರಲ್ಲಿ ಯುದ್ಧದ ಭಯಕ್ಕೆ ಗರ್ಭಿಣಿ ಹೆಂಡತಿ ಫ್ಲಾರೆನ್ಸ್‌ಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿ ತಾನು ಉಳಿದುಕೊಂಡ. ಅಲ್ಲಿ ಹುಟ್ಟಿದ ಮೂರನೆಯ ಮಗಳನ್ನು ಆತ ನೋಡಲೇ ಇಲ್ಲ. 1943ರಲ್ಲಿ ಜಪಾನೀಯರು ಆತನನ್ನು ವೈಶಿಯೆನ್ ಶಿಬಿರದಲ್ಲಿ ಕೂಡಿಟ್ಟರು. ಹೆತ್ತವರಿಂದ ದೂರವಾದ ಶಾಲಾ ಮಕ್ಕಳು ಅಲ್ಲಿ ಬಹಳ ಇದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದ, ಆಟ ಆಡಿಸಿದ, ಮುರಿದ ಹಾಕಿ ಕೋಲುಗಳಿಗೆ ಪಟ್ಟಿ ಸುತ್ತಿ ಕೊಟ್ಟ. ಭಾನುವಾರ ಮಾತ್ರ ಆಟವಿಲ್ಲ ಎಂದಿದ್ದ. ಮಕ್ಕಳು ತಾವೇ ಆಡಹೋಗಿ, ತೀರ್ಪುಗಾರನಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾನೇ ಮೈದಾನಕ್ಕೆ ಬಂದು ತೀರ್ಪುಗಾರನಾಗಿ ನಿಂತ. ಒಲಿಂಪಿಕ್ ಪದಕಕ್ಕಾಗಿ ಬಿಡದ ಭಾನುವಾರವನ್ನು ಆತ ಬಿಟ್ಟದ್ದು ಪರರ ಮಕ್ಕಳಿಗಾಗಿ. ವಿಶ್ರಾಂತಿಯ ದಿನ ಇರುವುದು ಮನುಷ್ಯರಿಗಾಗಿ ಎಂಬ ಯೇಸುವಿನ ಬೋಧನೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಆರು ತಿಂಗಳಿರುವಾಗ, ಮಿದುಳಿನ ಗಡ್ಡೆಯಿಂದ ಅದೇ ಶಿಬಿರದಲ್ಲಿ ಆತ ತೀರಿಕೊಂಡ. ವಯಸ್ಸು 43.

ಎಲ್ಲರೂ ಲಿಡೆಲ್‌ನ ದಾರಿಯನ್ನೇ ಹಿಡಿಯಬೇಕೆಂದಿಲ್ಲ. ಬ್ರಿಟನ್ನಿನ ತ್ರಿವಿಧ ಜಿಗಿತಗಾರ ಜೊನಾಥನ್ ಎಡ್ವರ್ಡ್ಸ್ ಭಾನುವಾರದ ಕಾರಣಕ್ಕೆ 1991ರ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟವರು. 1993ರಲ್ಲಿ ಯೋಚಿಸಿ ಮನಸ್ಸು ಬದಲಿಸಿದರು. 1995ರಲ್ಲಿ ಅವರು ಜಿಗಿದ 18.29 ಮೀಟರ್ ಇಂದಿಗೂ ವಿಶ್ವದಾಖಲೆ. ಕ್ಯಾಥೊಲಿಕ್ ಕುಟುಂಬಗಳಿಗಂತೂ ದಾರಿ ಇನ್ನಷ್ಟು ಸುಲಭವಿದೆ. ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ ಕಟ್ಟಳೆಗೆ ಸಲ್ಲುತ್ತದೆಂದು ಸಭೆಯ ಕಾನೂನೇ ಹೇಳುತ್ತದೆ. ಬಲಿಪೂಜೆಯ ದಿನವನ್ನು ಹೊಂದಿಸಿಕೊಳ್ಳುವ ದಾರಿಯನ್ನು ಕೊಲ್ಲಿ ದೇಶಗಳಲ್ಲಿ ದುಡಿಯುವ ಮಂಗಳೂರಿಗರು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿ ಬಹುಕಾಲ ಭಾನುವಾರ ಕೆಲಸದ ದಿನವಾಗಿತ್ತು. ಇಗರ್ಜಿಗಳು ತುಂಬುತ್ತಿದ್ದದ್ದು, ಮಕ್ಕಳ ಧರ್ಮೋಪದೇಶ ನಡೆಯುತ್ತಿದ್ದದ್ದು ಶುಕ್ರವಾರ. ಯುಎಇ 2022ರ ಜನವರಿಯಲ್ಲಿ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿದ ಮೇಲೆ ಅಲ್ಲಿನ ಕುಟುಂಬಗಳಿಗೆ ಭಾನುವಾರ ಮರಳಿ ಸಿಕ್ಕಿತು. ಕುವೈತ್, ಕತಾರ್‌ಗಳಲ್ಲಿ ಈಗಲೂ ಶುಕ್ರವಾರವೇ. ರಾತ್ರಿ ವಿಡಿಯೊ ಕರೆಯಲ್ಲಿ ಊರಿನ ಅಜ್ಜಿಯ ಜೊತೆ ಜಪ ಹೇಳಿ, ಪರದೆಯ ಮೇಲೇ ಬೆಸಾಂವ್ ಪಡೆಯುವ ಮಕ್ಕಳು ಅಲ್ಲಿದ್ದಾರೆ. ಹೊತ್ತು ಬದಲಾದರೂ ಕ್ರಮ ಉಳಿಯಬಲ್ಲದು ಎಂಬುದಕ್ಕೆ ಅವರೇ ಸಾಕ್ಷಿ.

ಹಾಗಾದರೆ ಆಗಬೇಕಾದದ್ದು ಏನು? ಮನೆಗೆ ಸಂಬಂಧಿಸಿದಂತೆ ಅದು ಹೊತ್ತನ್ನು ಹಂಚಿಕೊಳ್ಳುವ ಕೆಲಸ. ಐದರಿಂದ ಆರೂಮುಕ್ಕಾಲರವರೆಗೆ ಮಕ್ಕಳು ಹೊರಗೆ ಆಡಲಿ. ಆ ಹೊತ್ತಿಗೆ ಟ್ಯೂಷನ್ ಇಡದಿರುವ ಗಟ್ಟಿತನ ಹೆತ್ತವರಿಗೆ ಬರಲಿ. ಬೆವರಿದ ಮಗು ಜಪಕ್ಕೆ ಕೂತರೆ ತೂಕಡಿಸಬಹುದು, ತೂಕಡಿಸಲಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ವಾರಕ್ಕೆ ಕೆಲವು ಸಂಜೆ ಮಕ್ಕಳ ಜೊತೆ ಮೈದಾನಕ್ಕಿಳಿಯಲಿ. ವಯಸ್ಕರಿಗೂ ವಾರಕ್ಕೆ 150 ನಿಮಿಷದ ಚಟುವಟಿಕೆ ಬೇಕೆಂದು ವೈದ್ಯರು ಹೇಳುತ್ತಲೇ ಇದ್ದಾರೆ. ಇಗರ್ಜಿಗೆ ನಡೆದು ಹೋಗಿ ಬರುವ ಹಳೆಯ ಅಭ್ಯಾಸವನ್ನು ಮರಳಿ ಹಿಡಿದರೆ ಅದರಲ್ಲಿ ಒಂದು ಪಾಲು ಅಲ್ಲೇ ಮುಗಿಯುತ್ತದೆ.

ಉಳಿದ ಪಾಲು ಧರ್ಮಕೇಂದ್ರಗಳದು, ಸಭೆಗಳದು. ಊರಿನಲ್ಲಿ ಖಾಲಿ ಜಾಗಗಳು ಮನೆ, ಅಂಗಡಿಗಳಾಗಿ ಹೋದ ಮೇಲೆ ಮಕ್ಕಳಿಗೆ ಉಳಿದ ಬಯಲೆಂದರೆ ಇಗರ್ಜಿಯ ಮೈದಾನ. ಅದೂ ಕೆಲವೆಡೆ ವಾಹನ ನಿಲ್ದಾಣವಾಗಿದೆ, ಕೆಲವೆಡೆ ಬಲಿಪೂಜೆ ಮುಗಿದೊಡನೆ ಬೀಗ ಬೀಳುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಧರ್ಮಗುರುಗಳು, ಧರ್ಮೋಪದೇಶದ ಶಿಕ್ಷಕರು, ಊರಿನ ಕ್ರೀಡಾ ಸಂಘಗಳವರು ಒಂದು ಮೇಜಿನ ಸುತ್ತ ಕೂತು ವರ್ಷದ ಪಟ್ಟಿ ಹಾಕಲಿ. ಭಾನುವಾರ ಬೆಳಗ್ಗೆ ಹತ್ತರ ತನಕ ಪಂದ್ಯ ಬೇಡವೆಂದು ಕೇಳಲಿ, ಹತ್ತರ ನಂತರ ತಮ್ಮದೇ ಮೈದಾನ ಕೊಡಲಿ. ಹೆಣ್ಣುಮಕ್ಕಳಿಗೂ ಅಷ್ಟೇ ಹೊತ್ತು ಮೀಸಲಿಡಲಿ, ಯಾವ ಮತದ ಮಗು ಬಂದರೂ ಆಡಲು ಬಿಡಲಿ. ಸಂಜೆ ಐದಕ್ಕೆ ಆ ಗೇಟಿನ ಬೀಗ ತೆಗೆಯಿರಿ, ಆಮೊರಿಯ ಗಂಟೆಯ ತನಕ ತೆರೆದಿಡಿ.